ಐವರಲ್ಲೊಬ್ಬರು ಅಶಕ್ತರು

ಎಪ್ಪತ್ತರಾಯರಿಗೆ ಈ ಪ್ರಪಂಚದ ಮೇಲಿದ್ದ ದೂರುಗಳು ಎರಡೇ ಎರಡು. ಒಂದು, ಬ್ಯಾಟರಿ ಹಾಕಿದರೆ ನಡೆಯುವ ಹೊಸ ತಕ್ಕಡಿ. ಇನ್ನೊಂದು, ಬ್ಯಾಟರಿ ಇಲ್ಲದೆಯೇ ನಡೆಯುವ ಅತ್ತೆಯ ಬಾಯಿ. ಮೊದಲನೆಯದು ಅವರ ಕಸುಬಿಗೆ ಕಲ್ಲು ಹಾಕಿತ್ತು. ಎರಡನೆಯದು ಮದುವೆಯಾದ ಹದಿನೇಳು ವರ್ಷಗಳಿಂದ ಅವರ ನೆಮ್ಮದಿಗೆ. ಅಂಥ ಅತ್ತೆಯ ಮುಂದೆ ಹೋಗಿ ನಿಂತು, ನಮ್ಮ ಜೊತೆಗೇ ಬಂದು ಇದ್ದುಬಿಡಿ ಎಂದು ಅಂಗಲಾಚುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ರಾಯರು ನಕ್ಕುಬಿಡುತ್ತಿದ್ದರು. ಕಾಲ ಬಂದೇ ಬಂತು, ನಗು ಮಾತ್ರ ಬರಲಿಲ್ಲ.

(ಎಪ್ಪತ್ತು ಎಂಬುದು ಅವರ ವಯಸ್ಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ರಾಯರಿಗೆ ಬೇಜಾರಾಗುತ್ತದೆ. ವಯಸ್ಸು ನಲವತ್ತೊಂಬತ್ತು. ಎಪ್ಪತ್ತು ಅವರ ತೂಕ.)

ರಾಯರದು ತಕ್ಕಡಿ ರಿಪೇರಿಯ ಕೆಲಸ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಗೋದಾಮುಗಳಲ್ಲಿ ಮೂಟೆ ತೂಗುವ ದೊಡ್ಡ ಹಲಗೆ ತಕ್ಕಡಿಗಳಿರುತ್ತವಲ್ಲ, ಅವನ್ನು ಬಿಚ್ಚಿ ಜೋಡಿಸುವುದರಲ್ಲಿ ಅವರದು ಎತ್ತಿದ ಕೈ. ಆದರೆ ಜೋಡಿಸಿದ ಮೇಲೆ ಅದು ಸರಿಯಾಗಿ ತೂಗುತ್ತದೋ ಇಲ್ಲವೋ ಎಂದು ನೋಡಲು ಇಪ್ಪತ್ತು ಕಿಲೋದ ಕಬ್ಬಿಣದ ತೂಕಗಳನ್ನು ಹೊತ್ತುಕೊಂಡು ಹೋಗಬೇಕು. ಹಾಗೆ ಹೊತ್ತೂ ಹೊತ್ತೂ ಒಂದು ದಿನ ಸೊಂಟ ಹಿಡಿದುಕೊಂಡಿತು. ಆ ನೋವಿನಲ್ಲೇ ಅವರಿಗೊಂದು ಜ್ಞಾನೋದಯವಾಯಿತು. ಸರ್ಕಾರಿ ಮುದ್ರೆ ಬಿದ್ದ ತಕ್ಕಡಿಯ ಮೇಲೆ ತಾವು ನಿಂತರೆ ಮುಳ್ಳು ಕರಾರುವಾಕ್ಕಾಗಿ ಎಪ್ಪತ್ತಕ್ಕೆ ಬಂದು ನಿಲ್ಲುತ್ತಿತ್ತು. ಒಂದು ಗ್ರಾಂ ಆಚೆ ಇಲ್ಲ, ಈಚೆ ಇಲ್ಲ. ಹೀಗಿರುವಾಗ ಕಬ್ಬಿಣವನ್ನು ಹೊರುವುದೇಕೆ? ತಾವೇ ಹೋಗಿ ಹಲಗೆಯ ಮೇಲೆ ನಿಲ್ಲುವುದು, ಮುಳ್ಳು ಎಪ್ಪತ್ತು ತೋರಿಸಿದರೆ ಸರಿ, ತೋರಿಸದಿದ್ದರೆ ಒಳಗಿನ ತಿರುಪನ್ನು ತಿರುಗಿಸಿ ತೋರಿಸುವಂತೆ ಮಾಡುವುದು.

ಇಪ್ಪತ್ತೆರಡು ವರ್ಷ ಅವರು ಆ ಎಪ್ಪತ್ತನ್ನು ತಪಸ್ಸಿನಂತೆ ಕಾಪಾಡಿಕೊಂಡು ಬಂದರು. ಇನ್ನೂರು ಗ್ರಾಂ ಹೆಚ್ಚಾದರೆ ಬೆಳಗಿನ ತಿಂಡಿ ಬಂದ್. ಇನ್ನೂರು ಗ್ರಾಂ ಕಮ್ಮಿಯಾದರೆ ಎರಡು ಬಾಳೆಹಣ್ಣು. ಮದುವೆಮನೆಗೆ ಹೋದರೂ ಲೆಕ್ಕ ಹಾಕಿಯೇ ಊಟ. ಮಾರುಕಟ್ಟೆಯವರು ಎಪ್ಪತ್ತರಾಯರು ಎಂದು ಕರೆದಾಗ ಅವರು ಅದನ್ನು ಬಿರುದೆಂದೇ ಸ್ವೀಕರಿಸಿದರು. ಕಬ್ಬಿಣದ ತೂಕಗಳನ್ನು ಎರಡು ವರ್ಷದ ಹಿಂದೆ ಗುಜರಿಗೆ ಹಾಕಿದರು.

ಈಗ ಕಷ್ಟದ ವಿಷಯಕ್ಕೆ ಬರೋಣ. ರಸ್ತೆ ಅಗಲ ಮಾಡಲು ಅವರ ಗಲ್ಲಿಯನ್ನೇ ಕೆಡವುವುದೆಂದು ತೀರ್ಮಾನವಾಗಿತ್ತು. ಗೋಡೆಗೆ ನೋಟೀಸು ಅಂಟಿಸಿ ಹೋಗಿದ್ದರು. ಆರು ತಿಂಗಳೊಳಗೆ ಖಾಲಿ ಮಾಡಬೇಕು. ಅಂಗಡಿ, ಮನೆ, ಎರಡೂ ಒಂದೇ ಏಟಿಗೆ ಹೋಗುತ್ತಿದ್ದವು. ರಾಯರ ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ತರುತ್ತಿದ್ದ ಸಂಬಳಕ್ಕೆ ಆ ಊರಿನಲ್ಲಿ ಬಾಡಿಗೆಗೆ ಸಿಗುವಂಥದ್ದೆಂದರೆ ಮನೆಯ ಮೆಟ್ಟಿಲು ಮಾತ್ರ. ಮಗಳಿಗೆ ಹದಿನೈದು, ಮಗನಿಗೆ ಹನ್ನೊಂದು. ರಾಯರಿಗೆ ಊಟ ಸೇರದಂತಾಯಿತು, ಹೊಟ್ಟೆಯಲ್ಲಿ ಏನೋ ಭಾರ. ಚಿಂತೆಯಿಂದ ಗ್ಯಾಸು ಎಂದುಕೊಂಡರು.

ಅಷ್ಟರಲ್ಲಿ ಪೇಪರಿನಲ್ಲಿ ಜಾಹೀರಾತು ಬಂತು. ದೇಶದ ಉತ್ತರ ತುದಿಯಲ್ಲೊಂದು ರಾಜ್ಯ. ಎಷ್ಟು ಉತ್ತರವೆಂದರೆ, ಮಕ್ಕಳ ಭೂಪಟದಲ್ಲಿ ಅದು ಮಡಿಕೆಯ ಜಾಗಕ್ಕೆ ಬಂದು ಹರಿದುಹೋಗಿತ್ತು. ಹಳ್ಳಿಗಾಡು. ಅಲ್ಲಿ ಜನವೇ ಖಾಲಿಯಾಗುತ್ತಿದ್ದರು. ಹುಟ್ಟುವವರು ಅಪರೂಪ, ಸಾಯುವವರು ಮಾತ್ರ ಶಿಸ್ತಿನಿಂದ ಸಾಯುತ್ತಿದ್ದರು. ಆದ್ದರಿಂದ ಆ ರಾಜ್ಯದವರು ಹೊರಗಿನ ಕುಟುಂಬಗಳನ್ನು ಕರೆಯುತ್ತಿದ್ದರು. ಬಂದವರಿಗೆ ಮೂರು ಕೋಣೆಯ ಮನೆ, ಒಂದು ತುಂಡು ಆಲೂಗಡ್ಡೆ ಹೊಲ, ಕಸುಬು ಗೊತ್ತಿದ್ದವರಿಗೆ ಕೆಲಸ. ಖಾಲಿ ಇದ್ದ ಕೆಲಸಗಳ ಪಟ್ಟಿಯಲ್ಲಿ ಒಂಬತ್ತನೆಯದನ್ನು ಓದಿ ರಾಯರ ಕಣ್ಣು ತುಂಬಿ ಬಂತು. ಧಾನ್ಯದ ಉಗ್ರಾಣಕ್ಕೆ ತೂಕದವರು ಬೇಕಾಗಿದ್ದಾರೆ, ಬ್ಯಾಟರಿ ಚಳಿಗೆ ನಡೆಯುವುದಿಲ್ಲವಾದ್ದರಿಂದ ಹಳೆಯ ತಕ್ಕಡಿ ಬಲ್ಲವರೇ ಆಗಬೇಕು.

ಷರತ್ತುಗಳೂ ಇದ್ದವು. ಕುಟುಂಬದಲ್ಲಿ ಐದು ಜನ ಇರಲೇಬೇಕು. ನಾಲ್ವರು ಆರೋಗ್ಯವಂತರು ಎಂದು ಡಾಕ್ಟರು ಬರೆದುಕೊಡಬೇಕು. ಐದನೆಯವರು ಬೇಕಾದರೆ 'ಅಶಕ್ತ ಅವಲಂಬಿ' ಆಗಿರಬಹುದು, ಒಬ್ಬರಿಗೆ ಮಾತ್ರ ರಿಯಾಯಿತಿ. ಹೊರಡುವ ದಿನ ಐವರೂ ಜೀವಂತ ಇರಬೇಕು, ಒಂದು ತಲೆ ಕಮ್ಮಿಯಾದರೂ ಅರ್ಜಿ ರದ್ದು.

ಆ ಸಂಜೆ ಮನೆಯಲ್ಲಿ ಮಹಾಸಭೆ ಸೇರಿತು.

"ರೀ, ಅಲ್ಲಿ ನಾಲ್ಕು ತಿಂಗಳು ಹಿಮ ಬೀಳುತ್ತಂತೆ. ಬಟ್ಟೆ ಒಣಗೋದು ಹೇಗೆ?" ಹೆಂಡತಿಯ ಮೊದಲ ಪ್ರಶ್ನೆ.

"ಒಣಗಲ್ಲಮ್ಮ, ಗಟ್ಟಿ ಆಗುತ್ತೆ. ಅಪ್ಪನ ಪ್ಯಾಂಟನ್ನ ಬಾಗಿಲ ಹತ್ರ ಹಾಗೇ ನಿಲ್ಲಿಸಬಹುದು. ಕಳ್ಳರು ಹೆದರ್ಕೊಳ್ತಾರೆ," ಎಂದ ಮಗ. ಅವನು ಆಗಲೇ ಅರ್ಧ ಹೊರಟಿದ್ದ.

"ಆ ಶಾಲೇಲಿ ಒಟ್ಟು ಏಳು ಜನ ಮಕ್ಕಳಂತೆ," ಎಂದಳು ಮಗಳು. "ನಾನು ಯಾರ ಜೊತೆ ಮಾತು ಬಿಡ್ಲಿ, ಯಾರ ಜೊತೆ ರಾಜಿ ಆಗ್ಲಿ?"

"ಆಸ್ಪತ್ರೆ ಎಷ್ಟು ದೂರ?" ಹೆಂಡತಿ ಮತ್ತೆ ಕೇಳಿದಳು.

"ಬಸ್ಸಲ್ಲಿ ನಾಲ್ಕು ಗಂಟೆ. ಕಾಯಿಲೆ ಬೀಳೋರಿಗೆ ತಾನೆ ಆ ಲೆಕ್ಕ? ನಮ್ಮನೇಲಿ ಯಾರಿಗೇನಾಗಿದೆ?" ಎಂದರು ರಾಯರು, ಹೊಟ್ಟೆಯನ್ನು ಮೆಲ್ಲಗೆ ನೀವಿಕೊಳ್ಳುತ್ತಾ.

ಹೆಂಡತಿ ಕೈಬೆರಳು ಎಣಿಸಿದಳು. "ನಾವು ನಾಲ್ಕೇ ಜನ. ಐದನೇದು?"

ರಾಯರು ಗೋಡೆ ನೋಡಿದರು. ಗೋಡೆಗೆ ಉತ್ತರ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಎರಡು ಬೀದಿ ಆಚೆ ಟೈಲರಿಂಗ್ ಅಂಗಡಿ ಇಟ್ಟುಕೊಂಡು ಅಲ್ಲೇ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದ ಆಕೆಯನ್ನು ಬಿಟ್ಟರೆ ಅವರಿಗೆ ಇನ್ನು ಯಾರೂ ಇರಲಿಲ್ಲ.

"ಅಮ್ಮ ಬಂದ್ರೆ ನಾನು ಬರ್ತೀನಿ," ಎಂದಳು ಹೆಂಡತಿ. "ಆದ್ರೆ ಕೇಳೋದು ನೀವೇ. ನಾನು ಕೇಳಿದ್ರೆ ಇಲ್ಲ ಅನ್ನಲ್ಲ, ಅದಕ್ಕೇ ನಾನು ಕೇಳಲ್ಲ."

ಮರುದಿನ ರಾಯರು ಅಗ್ನಿಪ್ರವೇಶ ಮಾಡುವವರಂತೆ ಅತ್ತೆಯ ಅಂಗಡಿಯ ಮೆಟ್ಟಿಲು ಹತ್ತಿದರು. ಅತ್ತೆಗೆ ಅರವತ್ತೆಂಟು. ಕಡ್ಡಿಯಂಥ ಮೈ, ಕತ್ತರಿಯಂಥ ನಾಲಗೆ. ಹೆಣ್ಣು ಕೊಡುವ ಮೊದಲು ಮದುವೆ ಕೋಟಿಗೆ ಅಳತೆ ತೆಗೆದುಕೊಂಡು, "ಎದೆ ಎರಡಿಂಚು ಸಾಲದು, ಪರವಾಗಿಲ್ಲ, ಪ್ಯಾಡ್ ಹಾಕ್ತೀನಿ," ಎಂದು ಬೀಗರೆಲ್ಲರ ಎದುರು ಹೇಳಿದವರು. ಅಂದಿನಿಂದ ರಾಯರ ಅಂಗಿ ಪ್ಯಾಂಟು ಎಲ್ಲವನ್ನೂ ಅವರೇ ಹೊಲಿಯುತ್ತಿದ್ದರು, ಪ್ರತಿಯೊಂದು ಅಳತೆಯೂ ಅವರ ಪುಸ್ತಕದಲ್ಲಿ ತಾರೀಖಿನ ಸಮೇತ ಇತ್ತು.

ರಾಯರು ದೊಡ್ಡ ಭಾಷಣವನ್ನೇ ತಯಾರಿಸಿಕೊಂಡು ಬಂದಿದ್ದರು. ಶುದ್ಧ ಗಾಳಿ, ಮೂರು ಕೋಣೆ, ಮೊಮ್ಮಕ್ಕಳ ಭವಿಷ್ಯ ಎಂದೆಲ್ಲ ಶುರುಮಾಡುತ್ತಿದ್ದಂತೆ ಅತ್ತೆ ಅವರ ಕೈಯಿಂದ ಅರ್ಜಿಯನ್ನು ಕಿತ್ತುಕೊಂಡು ಕನ್ನಡಕ ಏರಿಸಿದರು. ರಾಯರು ಮುನ್ನೆಚ್ಚರಿಕೆಯಿಂದ ಎಲ್ಲ ಹೆಸರುಗಳನ್ನೂ ಮೊದಲೇ ತುಂಬಿಬಿಟ್ಟಿದ್ದರು. ಕುಟುಂಬದ ಯಜಮಾನ ಎಂಬಲ್ಲಿ ತಾವು. ಕೊನೆಯ ಸಾಲಿನಲ್ಲಿ ಅತ್ತೆ.

"ಅಶಕ್ತ ಅವಲಂಬಿ," ಎಂದು ಅತ್ತೆ ಗಟ್ಟಿಯಾಗಿ ಓದಿದರು. ಹೊಲಿಗೆ ಯಂತ್ರ ನಿಂತಿತು. "ಯಾರಿದು?"

"ಅದು ಬರೀ ಕಾಲಂ ಅತ್ತೆ, ಸರ್ಕಾರದವರ ಭಾಷೆ..."

"ನಲವತ್ತೈದು ವರ್ಷದಿಂದ ಕೂತು ತುಳೀತಿದೀನಿ ಈ ಯಂತ್ರಾನ. ನಾನು ಅಶಕ್ತಳಾ? ನಿಮ್ಮನ್ನ ಅವಲಂಬಿಸಿದ್ದೀನಾ ನಾನು? ಅಳಿಯಂದ್ರೇ, ನಿಮ್ಮ ಪ್ಯಾಂಟು ನನ್ನನ್ನ ಅವಲಂಬಿಸಿದೆ!"

ರಾಯರು ಕಾಲಿಗೆ ಬೀಳುವುದೊಂದು ಬಾಕಿ. ಅರ್ಧ ಗಂಟೆ ಬೇಡಿಕೊಂಡರು. ಜಪ್ಪಯ್ಯ ಎಂದರೂ ಅತ್ತೆ ಒಪ್ಪಲಿಲ್ಲ. ಕೊನೆಗೆ, "ನಾನು ಬರೋದು ಬಿಡೋದು ಆಮೇಲೆ. ನೀವೆಲ್ಲ ಹೋಗೋದಾದ್ರೆ ಮಕ್ಕಳಿಗೆ, ನಿಮಗೆ ದಪ್ಪ ಕೋಟು ಬೇಕು. ನಿಂತ್ಕೊಳ್ಳಿ, ಅಳತೆ ಕೊಡಿ," ಎಂದು ಟೇಪು ತೆಗೆದರು. ರಾಯರು ಕೈ ಎತ್ತಿ ನಿಂತು ತಮ್ಮ ಭಾಷಣದ ಎರಡನೆಯ ಭಾಗವನ್ನು ಶುರುಮಾಡಿದರು. ಅತ್ತೆ ಸೊಂಟದ ಸುತ್ತ ಟೇಪು ಹಿಡಿದರು. ಪುಸ್ತಕ ನೋಡಿದರು. ಮತ್ತೊಮ್ಮೆ ಟೇಪು ಹಿಡಿದರು. ಎದೆ, ತೋಳು, ಕುತ್ತಿಗೆ, ಎಲ್ಲವನ್ನೂ ಎರಡೆರಡು ಸಲ ಅಳೆದರು. ಅಷ್ಟು ಹೊತ್ತು ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹದಿನೇಳು ವರ್ಷದಲ್ಲಿ ಅದೇ ಮೊದಲು.

"ಸರಿ," ಎಂದರು ಕೊನೆಗೆ, ಟೇಪು ಸುತ್ತುತ್ತಾ. "ಬರ್ತೀನಿ. ಮುಂದಿನ ವಾರಾನೇ ನಿಮ್ಮನೆಗೆ ಬಂದುಬಿಡ್ತೀನಿ."

ರಾಯರು ಮನೆಗೆ ನಡೆದು ಬರಲಿಲ್ಲ, ತೇಲಿಕೊಂಡು ಬಂದರು. "ನೋಡೇ, ಮಾತು ಅಂದ್ರೆ ಏನು ಅಂದ್ಕೊಂಡಿದ್ದೀಯ? ಶುದ್ಧ ಗಾಳಿ ಅಂದೆ ನೋಡು, ಅಲ್ಲಿಗೆ ಕರಗಿಹೋದ್ರು," ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದರು.

ಅತ್ತೆ ಬಂದರು. ಬಂದ ದಿನವೇ ರಾಯರಿಗೆ ಹೊಸ ದಿಗಿಲು ಹುಟ್ಟಿತು. ಈ ಕಡ್ಡಿ ದೇಹ ಹೊರಡುವ ದಿನದ ತನಕ ಉಳಿಯಬೇಕಲ್ಲ! ರಾತ್ರಿ ಮಲಗಿದವರು ಬೆಳಿಗ್ಗೆ ಏಳದಿದ್ದರೆ ಮೂರು ಕೋಣೆಯ ಮನೆಯೂ ಅವರ ಜೊತೆಗೇ ಹೋಯಿತು. ಬೆಳಿಗ್ಗೆ ಎದ್ದ ಕೂಡಲೇ ರಾಯರು ಅತ್ತೆಯ ಹಾಸಿಗೆಯ ಬಳಿ ಹೋಗಿ ಉಸಿರಾಡುತ್ತಿದ್ದಾರೆಯೇ ಎಂದು ಬಗ್ಗಿ ನೋಡುವುದು ಅಭ್ಯಾಸವಾಯಿತು. (ಒಂದು ದಿನ ಅತ್ತೆ ಕಣ್ಣು ಬಿಟ್ಟು, "ಇದ್ದೀನಿ, ಹೋಗಿ," ಎಂದರು.) ದಿನಕ್ಕೆ ಎರಡು ಲೋಟ ಹಾಲು, ಎರಡು ಮೊಟ್ಟೆ ಅವರಿಗೆ. ತಮ್ಮ ಪಾಲಿನ ಮೊಟ್ಟೆಯನ್ನೂ ರಾಯರು ಅತ್ತೆಯ ತಟ್ಟೆಗೇ ದಾಟಿಸುತ್ತಿದ್ದರು. ಅದೊಂದು ತ್ಯಾಗವೆಂದು ಎಲ್ಲರೂ ತಿಳಿದರು. ನಿಜ ಹೇಳಬೇಕೆಂದರೆ ಅವರಿಗೆ ಮೊಟ್ಟೆ ಕಂಡರೆ ಓಕರಿಕೆ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಅಂಗಡಿಯ ದೊಡ್ಡ ತಕ್ಕಡಿಯ ಮೇಲೆ ಇಡೀ ಕುಟುಂಬದ ತೂಕ. ಮೊದಲ ವಾರ ಅತ್ತೆ ನಲವತ್ತೆಂಟು. ರಾಯರು ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಮೂರನೆಯ ವಾರ ರಾಯರು ಎಂದಿನಂತೆ ಮೊದಲು ತಾವು ಹತ್ತಿ ನಿಂತರೆ ಮುಳ್ಳು ಅರವತ್ತೆಂಟಕ್ಕೆ ನಿಂತುಬಿಟ್ಟಿತು. "ಹಾಳಾದ ಚಳಿ, ಸ್ಪ್ರಿಂಗ್ ಬಿಗಿದುಕೊಂಡಿದೆ," ಎಂದು ಗೊಣಗಿ ತಿರುಪು ತಿರುಗಿಸಿ ಎಪ್ಪತ್ತಕ್ಕೆ ತಂದರು. ಅನಂತರ ಅತ್ತೆ ಹತ್ತಿದರು. ನಲವತ್ತೊಂಬತ್ತೂವರೆ!

"ಹಾಲು ಕೆಲಸ ಮಾಡ್ತಿದೆ!" ರಾಯರು ಕುಣಿಯುವುದೊಂದು ಬಾಕಿ.

ವಾರವಾರವೂ ಸ್ಪ್ರಿಂಗ್ ಬಿಗಿದುಕೊಳ್ಳುತ್ತಲೇ ಹೋಯಿತು. ರಾಯರು ತಿರುಪು ತಿರುಗಿಸುತ್ತಲೇ ಹೋದರು. ಅತ್ತೆ ಐವತ್ತೊಂದಾದರು, ಐವತ್ತಮೂರಾದರು, ಐವತ್ತೈದಾದರು. ಮಕ್ಕಳೂ ಏರಿದರು. ಹೆಂಡತಿ ಅರವತ್ತರಿಂದ ಹೊರಟವಳು ಅರವತ್ತೆಂಟಕ್ಕೆ ಬಂದು ನಿಂತು, ಮುಳ್ಳನ್ನೇ ನೋಡುತ್ತಾ ಅಳುವುದಕ್ಕೆ ಶುರುಮಾಡಿದಳು.

"ಇನ್ನೆರಡು ಕಿಲೋ ಆದ್ರೆ ನಿಮ್ಮ ಸಮಕ್ಕೆ ಬರ್ತೀನಲ್ರೀ! ನಾನು ತಿನ್ನೋದಾದ್ರೂ ಏನು?"

"ತಕ್ಕಡಿಗೆ ಸುಳ್ಳು ಹೇಳೋಕೆ ಬರಲ್ಲ ಕಣೇ," ಎಂದರು ರಾಯರು ಗಂಭೀರವಾಗಿ. ಪಾಪ, ಅವಳು ಅಂದಿನಿಂದ ರಾತ್ರಿ ಊಟ ಬಿಟ್ಟಳು. ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಎರಡು ಸಲ ತಲೆ ತಿರುಗಿ ಕುಸಿದು ಕೂತಳು. ಅದನ್ನು ಯಾರಿಗೂ ಹೇಳಲಿಲ್ಲ.

ಅತ್ತ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಗೋದಾಮಿನವನು ರಾಯರನ್ನು ಕಂಡಲ್ಲೆಲ್ಲ ಕೈ ಕುಲುಕುತ್ತಿದ್ದ. "ರಾಯರೇ, ನಿಮ್ಮ ಕೈಗುಣವೇ ಕೈಗುಣ. ನೀವು ತಕ್ಕಡಿ ಸರಿ ಮಾಡಿ ಹೋದ್ಮೇಲೆ ನನ್ನ ಒಂದೊಂದು ಮೂಟೇನೂ ಹಿಗ್ಗಿಬಿಟ್ಟಿದೆ!" ರಾಯರು ಹೆಮ್ಮೆಯಿಂದ ತಲೆ ಬಾಗಿಸುತ್ತಿದ್ದರು.

ಒಪ್ಪದವರು ಅತ್ತೆ ಒಬ್ಬರೇ. ಅವರು ರಾಯರ ಪ್ಯಾಂಟುಗಳನ್ನು ಒಂದೊಂದಾಗಿ ತೆಗೆದು ಸೊಂಟ ಹಿಡಿದು ಹೊಲಿಯುತ್ತಿದ್ದರು.

"ಅಳಿಯಂದ್ರೇ, ನಿಮ್ಮ ಸೊಂಟ ಮೂರಿಂಚು ಇಳಿದಿದೆ. ಡಾಕ್ಟರಿಗೆ ತೋರಿಸಿ."

"ಅತ್ತೆ, ನಿಮ್ಮದು ಬಟ್ಟೆ ಟೇಪು. ನಲವತ್ತು ವರ್ಷ ಎಳೆದು ಎಳೆದು ಹಿಗ್ಗಿದೆ. ಹಿಗ್ಗಿದ ಟೇಪಿನಲ್ಲಿ ಅಳೆದರೆ ಎಲ್ಲ ಕಮ್ಮಿಯಾಗೇ ಕಾಣುತ್ತೆ. ನನ್ನ ತೂಕ ಎಪ್ಪತ್ತು. ಬೇಕಾದ್ರೆ ಬನ್ನಿ, ತೋರಿಸ್ತೀನಿ."

"ಟೇಪು ಹಿಗ್ಗಿದ್ರೆ ನನ್ನ ಸೊಂಟಾನೂ ಕಮ್ಮಿ ತೋರಿಸ್ಬೇಕಲ್ಲ? ನನ್ನದು ಒಂದು ದಾರದಷ್ಟೂ ಆಚೀಚೆ ಆಗಿಲ್ಲ."

"ಆಗಿಲ್ಲ ಅಂದ್ರೆ? ಏಳು ಕಿಲೋ ದಪ್ಪ ಆಗಿದ್ದೀರಿ ನೀವು! ದಪ್ಪ ಆಗಿದ್ದೂ ಟೇಪಿಗೆ ಕಾಣ್ತಿಲ್ಲ ಅಂದ್ರೆ ಅದು ಎಷ್ಟು ಹಿಗ್ಗಿರಬೇಕು ನೋಡಿ!"

ವಾದದಲ್ಲಿ ರಾಯರು ಗೆದ್ದರು. ಹದಿನೇಳು ವರ್ಷದಲ್ಲಿ ಅದೂ ಮೊದಲ ಸಲವೇ. ಅತ್ತೆ ಮೂರು ಬಾರಿ ಹೇಳಿದರು, ಮೂರು ಬಾರಿಯೂ ರಾಯರು ತಕ್ಕಡಿ ಹತ್ತಿ ಎಪ್ಪತ್ತು ತೋರಿಸಿದರು. ಹೆಂಡತಿ ಇಬ್ಬರ ಮುಖವನ್ನೂ ನೋಡಿದಳು. ಗಂಡನ ಕೆನ್ನೆ ಒಳಗೆ ಹೋದದ್ದು ಅವಳಿಗೂ ಕಾಣುತ್ತಿತ್ತು. ಆದರೆ ತೂಕದ ವಿಷಯದಲ್ಲಿ ಗಂಡ ತಪ್ಪು ಹೇಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ, ಆದ್ದರಿಂದ ಚಿಂತೆಯಿಂದ ಹೀಗಾಗಿದೆ ಎಂದು ಸಮಾಧಾನ ತಂದುಕೊಂಡಳು. ಆ ಸಮಾಧಾನಕ್ಕಾಗಿ ಅವಳು ಆಮೇಲೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ.

ವೈದ್ಯಕೀಯ ಪರೀಕ್ಷೆಯ ದಿನ ಬಂತು. ಉತ್ತರದವರು ಊರ ನಡುವಿನ ಒಂದು ಹಳೆಯ ಕಟ್ಟಡದಲ್ಲಿ ಕಚೇರಿ ತೆರೆದಿದ್ದರು. ಒಂದು ಕೋಣೆಯಲ್ಲಿ ಡಾಕ್ಟರು, ಪಕ್ಕದ ಕೋಣೆಯಲ್ಲಿ ಅರ್ಜಿಯ ಅಧಿಕಾರಿ. ರಾಯರು ದಾರಿಯುದ್ದಕ್ಕೂ ಅತ್ತೆಯ ತೋಳು ಹಿಡಿದು, "ಕೆಮ್ಮಬೇಡಿ, ನೆಟ್ಟಗೆ ನಿಲ್ಲಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ," ಎಂದು ಪಾಠ ಹೇಳುತ್ತಾ ಬಂದರು. ನರ್ಸಮ್ಮ ಮೊದಲು ಯಜಮಾನರನ್ನೇ ಕರೆದಳು. ನೆಲದ ಮೇಲೆ ಗಾಜಿನ ಹಲಗೆಯಂಥ ಬ್ಯಾಟರಿ ತಕ್ಕಡಿ ಇತ್ತು. ರಾಯರು ಮುಖ ಸಿಂಡರಿಸಿಕೊಂಡು ಅದರ ಮೇಲೆ ನಿಂತರು.

"ಅರವತ್ತೊಂದು," ಎಂದಳು ನರ್ಸಮ್ಮ.

"ನಿಮ್ಮ ತಕ್ಕಡಿ ಕೆಟ್ಟಿದೆ," ಎಂದರು ರಾಯರು.

"ನಿನ್ನೆ ತಾನೇ ಹೊಸದಾಗಿ ತಂದಿದ್ದು."

"ಹೊಸದು ಕೆಟ್ಟಿರಲ್ಲ ಅಂತ ಎಲ್ಲಿ ಬರೆದಿದೆ? ತಿರುಪು ಎಲ್ಲಿದೆ ತೋರಿಸಿ, ಐದು ನಿಮಿಷದಲ್ಲಿ ಸರಿ ಮಾಡಿಕೊಡ್ತೀನಿ."

ತಿರುಪು ಇರಲಿಲ್ಲ. ನರ್ಸಮ್ಮ ಇನ್ನೊಂದು ತಕ್ಕಡಿ ತಂದಳು. ಅರವತ್ತೊಂದು. ರಾಯರು ಬಿಡಲಿಲ್ಲ. ಡಾಕ್ಟರ ಕೋಣೆಯಿಂದ ಮೂರನೆಯದು ಬಂತು, ಅದು ಹಳೆಯ ಮುಳ್ಳಿನ ತಕ್ಕಡಿ. ಅದೂ ಅರವತ್ತೊಂದಕ್ಕೇ ನಿಂತಿತು. ಸಾಲಿನಲ್ಲಿದ್ದವರು ಬಾಯಿ ಮುಚ್ಚಿಕೊಂಡು ನಗತೊಡಗಿದರು. ರಾಯರು ಬೆವರು ಒರೆಸಿಕೊಂಡು, "ಮೂರೂ ಒಟ್ಟಿಗೆ ಕೆಡೋದುಂಟು, ಹವಾಮಾನದಿಂದ," ಎಂದರು.

"ಅಪ್ಪಾ, ಸಾಕು ಇಳೀಪ್ಪಾ," ಎಂದಳು ಮಗಳು ತಲೆ ತಗ್ಗಿಸಿ.

ಅತ್ತೆ ಮುಂದೆ ಬಂದರು. ಚಪ್ಪಲಿ ಬಿಟ್ಟು, ಮುಳ್ಳಿನ ತಕ್ಕಡಿಯ ಮೇಲೆ ಹತ್ತಿ ನಿಂತರು. ಮುಳ್ಳು ಸ್ವಲ್ಪ ತೂಗಾಡಿ ನಿಂತಿತು.

ನಲವತ್ತೆಂಟು.

ರಾಯರು ಆ ಸಂಖ್ಯೆಯನ್ನು ತಾವೇ ಗೋಡೆಯ ಮೇಲೆ ಬರೆದಿದ್ದರು. ಹಾಲು, ಮೊಟ್ಟೆ, ಏಳು ಕಿಲೋ, ಎಲ್ಲ ಆವಿಯಾಗಿಹೋಗಿತ್ತು. ಅತ್ತೆ ಇದ್ದಲ್ಲೇ ಇದ್ದರು. ಹೆಂಡತಿ ದಪ್ಪಗಾಗಿರಲಿಲ್ಲ, ಮಕ್ಕಳು ಏರಿರಲಿಲ್ಲ, ಗೋದಾಮಿನ ಮೂಟೆಗಳು ಹಿಗ್ಗಿರಲಿಲ್ಲ. ಇಪ್ಪತ್ತೆರಡು ವರ್ಷ ಅವರು ಜಗತ್ತನ್ನೆಲ್ಲ ಸರಿಮಾಡಿಕೊಂಡು ಬಂದಿದ್ದ ಆ ಒಂದು ತೂಕವೇ ಕರಗಿಹೋಗಿತ್ತು. ಅವರಿಗೆ ಭಯವಾಯಿತು. ಹೀಗೆ ನೇರವಾಗಿ, ಹೊಟ್ಟೆಯ ಆ ಭಾರವಿದ್ದ ಜಾಗದಲ್ಲೇ, ಅವರಿಗೆ ಎಂದೂ ಭಯವಾಗಿರಲಿಲ್ಲ. ಪಕ್ಕದಲ್ಲಿದ್ದ ಬೆಂಚಿನ ಮೇಲೆ ಕುಳಿತರು.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿದರು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಸೂಜಿ, ನಳಿಕೆ, ಫೋಟೋ ಎಲ್ಲ ಆಗಿ ಒಂದು ವಾರಕ್ಕೆ ಉತ್ತರ ಬಂತು. ಹೊಟ್ಟೆಯಲ್ಲಿ ಗಡ್ಡೆ. ತೆಗೆಯಲೇಬೇಕು. ತೆಗೆದ ಮೇಲೆ ಗುಣವಾಗುತ್ತದೆಯೇ ಎಂದರೆ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ಅರ್ಧಕ್ಕರ್ಧ," ಎಂದರು. ತೂಕದವರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿದರೆನ್ನಿ. ಆಪರೇಷನ್ನಿಗೆ ಹತ್ತು ದಿನ ಮುಂದಿನ ತಾರೀಖು ಕೊಟ್ಟರು.

ಆ ಸಂಜೆ ಮತ್ತೆ ಮಹಾಸಭೆ. ಈ ಸಲ ಮಗನೂ ಹಿಮದ ಮಾತೆತ್ತಲಿಲ್ಲ. ಗಲ್ಲಿಯ ಆ ತುದಿಯಿಂದ ಮನೆ ಕೆಡವುವ ಸದ್ದು ಕೇಳುತ್ತಿತ್ತು, ನಾಲ್ಕನೆಯ ಮನೆಯ ತನಕ ಬಂದಿದ್ದರು.

"ಬೇಡ," ಎಂದರು ರಾಯರು. "ಅರ್ಜಿ ವಾಪಸ್ ತಗೊಳ್ಳೋಣ. ಬಸ್ಸಲ್ಲಿ ನಾಲ್ಕು ಗಂಟೆ ದೂರದ ಆಸ್ಪತ್ರೆ ಇಟ್ಕೊಂಡು ನನ್ನಂಥವನು ಅಲ್ಲಿ ಏನು ಮಾಡ್ಲಿ? ನಿಮ್ಮೆಲ್ಲರನ್ನೂ ಹೊರಡಿಸಿ ನಾನೇ ಅಡ್ಡಗಾಲು ಹಾಕಿದ ಹಾಗಾಯ್ತು."

ಹೆಂಡತಿ ಮುಖ ಮುಚ್ಚಿಕೊಂಡಿದ್ದಳು. ಅತ್ತೆ ಮೊಮ್ಮಗನ ಕೋಟಿಗೆ ಗುಂಡಿ ಹಾಕುತ್ತಿದ್ದರು. ದಾರವನ್ನು ಹಲ್ಲಿನಿಂದ ಕಡಿದು ತಲೆ ಎತ್ತಿದರು.

"ಅಳಿಯಂದ್ರೇ, ನೀವು ಬದುಕಿದ್ರೆ ಮಲಗೋಕೆ ಒಂದು ಮನೆ ಬೇಕು. ಬದುಕದೇ ಇದ್ರೆ ಇವಳಿಗೂ ಮಕ್ಕಳಿಗೂ ಇನ್ನೂ ಜಾಸ್ತಿ ಬೇಕು. ಹೇಗೆ ತೂಗಿದ್ರೂ ಮುಳ್ಳು ಅದೇ ಕಡೆ ವಾಲ್ತಿದೆ."

"ಅಮ್ಮಾ!" ಎಂದು ಕಿರುಚಿದಳು ಹೆಂಡತಿ.

"ಕಿರುಚ್ಬೇಡ. ಯಾರಾದ್ರೂ ಒಬ್ರು ಹೇಳ್ಬೇಕಲ್ಲ. ಹೊಟ್ಟೆ ಬಿಚ್ಚಿಸೋದು ಇಲ್ಲೇ ಆಗುತ್ತೆ. ಹೊರಡೋಕೆ ಇನ್ನೂ ಎರಡು ತಿಂಗಳಿದೆ. ಹೋಗೋದು ಅಂದ್ರೆ ಹೋಗೋದೇ."

ರಾಯರು ಅತ್ತೆಯ ಮುಖವನ್ನೇ ನೋಡಿದರು. ಅವರಿಗೊಂದು ಅನುಮಾನ ಬಂದಿತ್ತು. "ಅತ್ತೆ, ಅವತ್ತು ನಾನು ಅಂಗಡಿಗೆ ಬಂದು ಅಷ್ಟೆಲ್ಲ ಹೇಳಿದ್ಮೇಲೆ ನೀವು ಬರ್ತೀನಿ ಅಂದ್ರಲ್ಲ... ಅದು ನನ್ನ ಮಾತಿಗೆ ತಾನೆ?"

"ನಿಮ್ಮ ಮಾತಾ?" ಅತ್ತೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಿದರು. "ನೀವೇನು ಹೇಳಿದ್ರೋ ನನಗೆ ಕೇಳಿಸ್ಲೇ ಇಲ್ಲ. ಇಂಚು ಎಣಿಸ್ತಿದ್ದೆ. ಎರಡು ತಿಂಗಳ ಹಿಂದೆ ಹೊಲಿದ ಅಳತೆ ಪುಸ್ತಕದಲ್ಲಿತ್ತು. ಇವಳಿಗೆ ಇನ್ನು ನಾನು ಬೇಕಾಗ್ತೀನಿ ಅಂತ ಅವತ್ತೇ ಗೊತ್ತಾಯ್ತು. ಅದಕ್ಕೇ ಬಂದೆ."

ರಾಯರು ಪ್ಯಾಂಟಿನ ಸೊಂಟಕ್ಕೆ ಕೈ ಹಾಕಿ ನೋಡಿಕೊಂಡರು.

ಮರುದಿನ ಅರ್ಜಿಗೆ ಕೊನೆಯ ದಿನ. ಅಧಿಕಾರಿ ಉತ್ತರದವನೇ. ದೊಡ್ಡ ಮೈ, ಸಣ್ಣ ಮಾತು. ಡಾಕ್ಟರು ಕಳಿಸಿದ ಐದು ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ.

"ಯಜಮಾನರು ಆರೋಗ್ಯವಂತರೇ ಆಗಿರಬೇಕು, ಕೆಲಸ ಬಲ್ಲವರೂ ಆಗಿರಬೇಕು," ಎಂದ. "ಇವರಿಗೆ ಆಗಲ್ಲ ಅಂತ ಬರೆದಿದ್ದಾರೆ."

"ಹಾಗಾದ್ರೆ ಮುಗೀತು ಬಿಡಿ," ಎಂದು ರಾಯರು ಎದ್ದೇಬಿಟ್ಟರು.

"ಕೂತ್ಕೊಳ್ಳಿ," ಎಂದರು ಅತ್ತೆ. ರಾಯರು ಕೂತರು. ಅತ್ತೆ ಅಧಿಕಾರಿಯ ಕಡೆ ತಿರುಗಿ ಕೇಳಿದರು, "ನನ್ನ ಚೀಟೀಲಿ ಏನಿದೆ?"

ಆತ ಓದಿದ. "ವಯಸ್ಸು ಅರವತ್ತೆಂಟು. ಹೃದಯ, ಕಣ್ಣು, ಶ್ವಾಸಕೋಶ, ಎಲ್ಲ ಸರಿ. ಎಲ್ಲ ರೀತಿಯ ಕೆಲಸಕ್ಕೂ ಅರ್ಹರು." ಅವನಿಗೇ ಆಶ್ಚರ್ಯವಾಗಿ ತಲೆ ಎತ್ತಿ ನೋಡಿದ. "ಏನು ಕೆಲಸ ಮಾಡ್ತೀರಿ?"

"ಕೋಟು ಹೊಲಿತೀನಿ. ದಪ್ಪ ಕೋಟು." ಮೊಮ್ಮಗ ತೊಟ್ಟುಕೊಂಡಿದ್ದ ಕೋಟನ್ನು ಎಳೆದು ಒಳಗಿನ ಹೊಲಿಗೆ ತೋರಿಸಿದರು. ಉತ್ತರದವನು ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿದ. ಮೊದಲ ಬಾರಿಗೆ ಅವನ ಮುಖದಲ್ಲಿ ಏನೋ ಸಡಿಲವಾಯಿತು. ಪೆನ್ನು ತೆಗೆದು ಅರ್ಜಿಯಲ್ಲಿ ಎರಡು ಗೆರೆ ಹೊಡೆದ. ಯಜಮಾನರು ಎಂಬಲ್ಲಿ ರಾಯರ ಹೆಸರು ಹೋಗಿ ಅತ್ತೆಯ ಹೆಸರು ಬಂತು. ಅತ್ತೆಯ ಹೆಸರಿದ್ದ ಕೊನೆಯ ಸಾಲಿಗೆ ರಾಯರನ್ನು ಇಳಿಸಿದ.

"ಅಮ್ಮಾ, ಹೊರಡುವ ದಿನ ಅವಲಂಬಿ ಜೀವಂತ ಇರಬೇಕು. ಇಲ್ಲದಿದ್ದರೆ ಅರ್ಜಿ ರದ್ದು. ಯಜಮಾನರು ಅದಕ್ಕೆ ಒಪ್ಪಿ ಸಹಿ ಹಾಕಬೇಕು. ಈ ಅವಲಂಬಿಯ ಜವಾಬ್ದಾರಿ ತಗೊಳ್ತೀರಾ?"

ಅತ್ತೆ ಅಳಿಯನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಬಟ್ಟೆಯಂಗಡಿಯಲ್ಲಿ ಕೊನೆಗೆ ಉಳಿದ ತುಂಡನ್ನು ನೋಡುವ ಹಾಗೆ, ಬಹಳ ಹೊತ್ತು.

"ಅಲ್ಲಿಗೆ ಹೋದ್ಮೇಲೆ ವಾಪಸ್ ಕೊಡೋಕೆ ಆಗಲ್ವಾ?"

"ಆಗಲ್ಲ."

"ಹೋಗ್ಲಿ ಬಿಡಿ," ಎಂದು ಅತ್ತೆ ದೊಡ್ಡ ಅಕ್ಷರಗಳಲ್ಲಿ ಸಹಿ ಹಾಕಿದರು. ಹೆಂಡತಿ ತಾಯಿಯ ಬೆನ್ನಿಗೆ ಹಣೆ ಒತ್ತಿ ನಿಂತಳು.

ರಾಯರು ತಮ್ಮ ಜೇಬಿನಿಂದ ಪೆನ್ನು ತೆಗೆದರು. ಅಧಿಕಾರಿ ಬೇಡವೆಂದು ಕೈಯಾಡಿಸಿದ. ಅಶಕ್ತರ ಸಹಿ ಕಾನೂನಿಗೆ ಬೇಕಾಗಿಲ್ಲ, ಹೆಬ್ಬೆಟ್ಟು ಸಾಕು ಎಂದು ಶಾಯಿಯ ಡಬ್ಬಿಯನ್ನು ಅವರ ಮುಂದೆ ತಳ್ಳಿದ. ರಾಯರು ಕಾಲೇಜು ಮೆಟ್ಟಿಲು ಹತ್ತಿದವರು, ಅಚ್ಚುಕಟ್ಟಾದ ಅಕ್ಷರದವರು. ಅವರ ಕಿವಿ ಕೆಂಪಾಯಿತು. ನಾಚಿಕೆಯಿಂದ ಸತ್ತೇ ಹೋಗಬಹುದಾಗಿತ್ತು, ಆದರೆ ಆ ಅನುಕೂಲವೂ ಈಗ ಅರ್ಜಿಯ ಪ್ರಕಾರ ಅವರಿಗೆ ಇರಲಿಲ್ಲ.

ಅತ್ತೆ ಅವರ ಕೈಯನ್ನು ಎಳೆದುಕೊಂಡು, ಹೆಬ್ಬೆರಳನ್ನು ಶಾಯಿಗೆ ಅದ್ದಿ, ಕಾಗದದ ಮೇಲೆ ಊರಿ ಒತ್ತಿ ಹಿಡಿದರು.

"ಅಲುಗಾಡ್ಬೇಡಿ ಅಳಿಯಂದ್ರೇ. ಇದು ಕೆಟ್ರೆ ಇನ್ನೊಂದು ಅರ್ಜಿ ಕೊಡಲ್ವಂತೆ."

ರಾಯರು ಅಲುಗಾಡದೆ ಕೂತರು.